ಹಲ್ಲಿನ ವೈದ್ಯನಾಗಲು ಎಷ್ಟು ಜೀವಶಾಸ್ತ್ರ ಬೇಕು?

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ವಾರದಲ್ಲಿ ಮತ್ತಿಕೆರೆ, ಗೋಕುಲ, ಯಶವಂತಪುರದ ಮನೆಮನೆಗಳಲ್ಲಿ ನಾಲ್ಕೇ ಅಕ್ಷರಗಳ ಒಂದು ಚರ್ಚೆ ನಡೆಯುತ್ತದೆ. ಪಿ.ಸಿ.ಎಂ.ಬಿ.ಯೋ, ಪಿ.ಸಿ.ಎಂ.ಸಿ.ಯೋ? ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇವು ಎರಡರಲ್ಲಿಯೂ ಉಂಟು. ಕೊನೆಯ ಅಕ್ಷರ ಜೀವಶಾಸ್ತ್ರವಾದರೆ ಒಂದು ದಾರಿ, ಕಂಪ್ಯೂಟರ್ ವಿಜ್ಞಾನವಾದರೆ ಇನ್ನೊಂದು. ಹದಿನಾರು ವರ್ಷದ ಹುಡುಗಿಯೋ ಹುಡುಗನೋ ಅರ್ಜಿಯ ಆ ಚೌಕದಲ್ಲಿ ಹಾಕುವ ಗುರುತು ಮುಂದಿನ ಹತ್ತು ವರ್ಷಗಳನ್ನು ನಿರ್ಧರಿಸುತ್ತದೆಂಬುದು ತಂದೆತಾಯಿಗಳಿಗೂ ಗೊತ್ತು. ಆದ್ದರಿಂದಲೇ ಅಷ್ಟು ಚರ್ಚೆ.

ಈ ಲೇಖನ ಹಲ್ಲಿನ ವೈದ್ಯರಾಗಬೇಕೆಂಬ ಆಸೆಯುಳ್ಳ ಮಕ್ಕಳ ಮನೆಯವರಿಗಾಗಿ. ಮತ್ತಿಕೆರೆಯವರಿಗೆ ಆ ಆಸೆ ದೂರದ್ದೇನೂ ಅಲ್ಲ. ಪಕ್ಕದ ಎಂ.ಎಸ್.ಆರ್. ನಗರದಲ್ಲಿ 1991ರಲ್ಲಿಯೇ ರಾಮಯ್ಯ ದಂತವೈದ್ಯ ಕಾಲೇಜು ಆರಂಭವಾಯಿತು. ಬಿಳಿ ಕೋಟು ತೊಟ್ಟ ವಿದ್ಯಾರ್ಥಿಗಳನ್ನು ಬಸ್ ನಿಲ್ದಾಣದಲ್ಲಿ ದಿನವೂ ನೋಡಿ ಬೆಳೆದ ಮಕ್ಕಳು ಇಲ್ಲಿದ್ದಾರೆ. ಆದರೆ ಮನೆಯಿಂದ ಆ ಕಾಲೇಜಿಗೆ ಹತ್ತು ನಿಮಿಷದ ನಡಿಗೆಯಾದರೂ, ಅದರ ಬಾಗಿಲನ್ನು ವಿದ್ಯಾರ್ಥಿಯಾಗಿ ದಾಟಲು ಎರಡು ವರ್ಷದ ಜೀವಶಾಸ್ತ್ರವನ್ನು ಸುತ್ತಿಕೊಂಡು ಬರಬೇಕು.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸೋಣ. ಅಮೆರಿಕದಲ್ಲಿರುವ ನೆಂಟರು ದೂರವಾಣಿಯಲ್ಲಿ ಸಲಹೆ ಕೊಡುತ್ತಾರೆ: "ಅನಾಟಮಿ ತೆಗೆದುಕೊಳ್ಳಲಿ, ಮೈಕ್ರೊಬಯಾಲಜಿ ತೆಗೆದುಕೊಳ್ಳಲಿ, ತಳಿಶಾಸ್ತ್ರ ಬಿಡಬೇಡಿ." ಅವರ ಮಾತು ಅವರ ದೇಶಕ್ಕೆ ಸರಿ. ಅಲ್ಲಿ ಸಾಮಾನ್ಯವಾಗಿ ಪದವಿ ಓದಿದ ಮೇಲೆ ದಂತವೈದ್ಯಕ್ಕೆ ಹೋಗುವುದು. ಕಾಲೇಜಿನಲ್ಲಿ ಜೀವಶಾಸ್ತ್ರದ ಹತ್ತಾರು ಬಗೆಯ ತರಗತಿಗಳು ಇರುತ್ತವೆ, ಅವುಗಳಿಂದ ಆರಿಸಿಕೊಳ್ಳಬೇಕು. ಅಲ್ಲಿನ ಪ್ರವೇಶ ಪರೀಕ್ಷೆಯ ವಿಜ್ಞಾನ ಭಾಗದ 100 ಪ್ರಶ್ನೆಗಳಲ್ಲಿ 40 ಜೀವಶಾಸ್ತ್ರದವು. ನಮ್ಮಲ್ಲಿ ಆ ಆಯ್ಕೆಯೇ ಇಲ್ಲ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಒಂದೇ ವಿಷಯ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ತಳಿಶಾಸ್ತ್ರ, ಮಾನವ ಶರೀರಕ್ರಿಯೆ, ಪರಿಸರ ಎಲ್ಲವೂ ಅದರೊಳಗೇ ಸೇರಿವೆ. ಆರಿಸಬೇಕಾದದ್ದು ಒಂದೇ ಸಲ, ಹತ್ತನೆಯ ತರಗತಿ ಮುಗಿದೊಡನೆ. ಆಮೇಲೆ ಉಳಿಯುವುದು ಯಾವ ಅಧ್ಯಾಯಕ್ಕೆ ಎಷ್ಟು ಗಮನ ಕೊಡಬೇಕೆಂಬ ಆಯ್ಕೆ ಮಾತ್ರ.

ನಿಯಮ ಹೀಗಿದೆ. ಬಿ.ಡಿ.ಎಸ್. ಸೇರಲು ಹನ್ನೆರಡನೆಯ ತರಗತಿಯಲ್ಲಿ, ಎಂದರೆ ನಮ್ಮ ದ್ವಿತೀಯ ಪಿ.ಯು.ಸಿ.ಯಲ್ಲಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ಒಂದೊಂದರಲ್ಲಿಯೂ ತೇರ್ಗಡೆಯಾಗಿರಬೇಕು. ಮೂರು ವಿಜ್ಞಾನಗಳಲ್ಲಿ ಒಟ್ಟಾಗಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ನೂರಕ್ಕೆ 40 ಅಂಕಗಳು ಬರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ ವಯಸ್ಸು 17 ತುಂಬಿರಬೇಕು. ಗಣಿತವನ್ನು ನಿಯಮ ಕೇಳುವುದೇ ಇಲ್ಲ. ಹಾಗಾದರೆ ಗಣಿತ ಬಿಟ್ಟುಬಿಡೋಣವೇ ಎಂದು ಕೆಲವರು ಕೇಳುತ್ತಾರೆ. ಗಣಿತದ ಸ್ಥಳದಲ್ಲಿ ಬೇರೊಂದು ವಿಷಯ ಕೊಡುವ ಕಾಲೇಜುಗಳು ಇವೆ. ನನ್ನ ಅಭಿಪ್ರಾಯ ಹೇಳುವುದಾದರೆ, ಮಗು ಗಣಿತದ ಹೆಸರು ಕೇಳಿದರೆ ಊಟ ಬಿಡುವಷ್ಟು ಹೆದರುವುದಿಲ್ಲವಾದರೆ ಪಿ.ಸಿ.ಎಂ.ಬಿ.ಯೇ ವಾಸಿ. ಭೌತಶಾಸ್ತ್ರದ ಲೆಕ್ಕಗಳಿಗೆ ಅದು ಊರುಗೋಲಾಗುತ್ತದೆ. ಮನಸ್ಸು ಬದಲಾದರೆ ಇನ್ನೊಂದು ಬಾಗಿಲೂ ತೆರೆದಿರುತ್ತದೆ. ಪಿ.ಸಿ.ಎಂ.ಸಿ. ಸೇರಿ ಎರಡನೆಯ ವರ್ಷದಲ್ಲಿ "ನಾನು ಡೆಂಟಲ್ ಓದುತ್ತೇನೆ" ಎಂದ ಮಗುವಿಗೆ ಹಿಂದಿರುಗುವ ದಾರಿ ಬಹಳ ಸುತ್ತು.

ಪಿ.ಯು. ಪರೀಕ್ಷೆಯ ಜೀವಶಾಸ್ತ್ರದಲ್ಲಿ 70 ಅಂಕ ಬರವಣಿಗೆಗೆ, 30 ಅಂಕ ಪ್ರಯೋಗಶಾಲೆಗೆ. ನೂರಕ್ಕೆ ಐವತ್ತೆಂಬ ಗೆರೆಯನ್ನು ದಾಟುವುದು ಇಲ್ಲಿ ಕಷ್ಟವಲ್ಲ. ಕಷ್ಟವಿರುವುದು ಪ್ರವೇಶ ಪರೀಕ್ಷೆಯಲ್ಲಿ.

ಆ ಪರೀಕ್ಷೆಯ ಕಥೆಯನ್ನು ಸ್ವಲ್ಪ ಹೇಳಬೇಕು. ಏಕೆಂದರೆ ಅಕ್ಕ ಅಣ್ಣಂದಿರ ಕಾಲದ ನೆನಪಿನ ಮೇಲೆ ನಡೆಯುವವರು ಇನ್ನೂ ಇದ್ದಾರೆ. ಕರ್ನಾಟಕದಲ್ಲಿ 1994ರಿಂದ ವೃತ್ತಿಶಿಕ್ಷಣಕ್ಕೆ ಸಿ.ಇ.ಟಿ. ನಡೆದುಬಂತು. ವೈದ್ಯ, ದಂತವೈದ್ಯ, ಎಂಜಿನಿಯರಿಂಗ್ ಎಲ್ಲಕ್ಕೂ ಅದೇ ಬಾಗಿಲು. 2013ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆಯಾಗಿ ನೀಟ್ ಬಂತು. ಅದೇ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. 2016ರಲ್ಲಿ ಅದೇ ನ್ಯಾಯಾಲಯ ಅದಕ್ಕೆ ಮರುಜೀವ ಕೊಟ್ಟಿತು. ಆ ಒಂದು ವರ್ಷ ರಾಜ್ಯಗಳ ಸರ್ಕಾರಿ ಸೀಟುಗಳಿಗೆ ವಿನಾಯಿತಿ ಸಿಕ್ಕಿತು. 2017ರಿಂದ ಬಿ.ಡಿ.ಎಸ್. ಸೀಟಿಗೆ ನೀಟ್ ಹೊರತು ಬೇರೆ ದಾರಿಯಿಲ್ಲವಾಯಿತು. ಸಿ.ಇ.ಟಿ. ಮುಂದುವರಿದಿದೆ, ಅದರಲ್ಲಿ ಜೀವಶಾಸ್ತ್ರದ 60 ಪ್ರಶ್ನೆಗಳ ಪತ್ರಿಕೆಯೂ ಇದೆ. ಆದರೆ ಅದು ಕೃಷಿ, ಪಶುವೈದ್ಯ ಮುಂತಾದ ಶಿಕ್ಷಣಕ್ಕೆ. ಹಲ್ಲಿನ ಕಾಲೇಜಿಗೆ ಅದರ ಶ್ರೇಯಾಂಕ ನಡೆಯುವುದಿಲ್ಲ. ಹಾಗೆಂದು ಸಿ.ಇ.ಟಿ. ಬರೆಯದೆ ಇರಬೇಡಿ. ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ ಇಡುವುದು ಯಾವ ಮನೆಗೂ ಕ್ಷೇಮವಲ್ಲ.

2025ರ ಮೇ 4ರಂದು ನಡೆದ ನೀಟ್ ಪತ್ರಿಕೆಯನ್ನು ಎದುರಿಗಿಟ್ಟುಕೊಳ್ಳೋಣ. ಮೂರು ಗಂಟೆ, 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90 ಪ್ರಶ್ನೆಗಳು. ಎಂದರೆ ಅರ್ಧ ಪತ್ರಿಕೆ, 360 ಅಂಕ, ಜೀವಶಾಸ್ತ್ರದ್ದೇ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆಯುತ್ತದೆ. ಪ್ರಶ್ನೆಯೊಂದಕ್ಕೆ ದೊರೆಯುವುದು ಸರಾಸರಿ ಒಂದೇ ನಿಮಿಷ. ಭೌತಶಾಸ್ತ್ರದ ಲೆಕ್ಕಕ್ಕೆ ಒಂದು ನಿಮಿಷ ಸಾಲದು. ಆದ್ದರಿಂದ ಜೀವಶಾಸ್ತ್ರವನ್ನು ತಡವರಿಸದೆ ಐವತ್ತು ನಿಮಿಷದೊಳಗೆ ಮುಗಿಸಬಲ್ಲವನು ಉಳಿದ ನಲವತ್ತನ್ನು ಭೌತ, ರಸಾಯನಗಳಿಗೆ ವರ್ಗಾಯಿಸಿಕೊಳ್ಳುತ್ತಾನೆ. ಜೀವಶಾಸ್ತ್ರ ಅಂಕದ ಗಣಿ ಮಾತ್ರವಲ್ಲ, ಕಾಲದ ಉಳಿತಾಯ ಖಾತೆಯೂ ಹೌದು.

ಈಗ ನಿಮಗೆ ಸೋಜಿಗವಾಗಬಹುದಾದ ಒಂದು ಮಾತು. ಹಲ್ಲಿನ ವೈದ್ಯನಾಗಲು ಬರೆಯುವ ಈ ಪರೀಕ್ಷೆಯ ಪಠ್ಯದಲ್ಲಿ ಹಲ್ಲಿನ ಪಾಠವೇ ಇಲ್ಲ! ಎನ್.ಸಿ.ಇ.ಆರ್.ಟಿ. ಪುಸ್ತಕದ ಹನ್ನೊಂದನೆಯ ತರಗತಿಯಲ್ಲಿ "ಜೀರ್ಣಕ್ರಿಯೆ ಮತ್ತು ಹೀರಿಕೆ" ಎಂಬ ಅಧ್ಯಾಯವಿತ್ತು. ಮನುಷ್ಯನಿಗೆ ಹಾಲುಹಲ್ಲು ಇಪ್ಪತ್ತು, ಸ್ಥಿರದಂತ ಮೂವತ್ತೆರಡು, ಬಾಚಿಹಲ್ಲು, ಕೋರೆಹಲ್ಲು, ಮುಂದವಡೆ, ದವಡೆಹಲ್ಲುಗಳ ಸೂತ್ರ ಅರ್ಧ ದವಡೆಗೆ ಎರಡು, ಒಂದು, ಎರಡು, ಮೂರು, ಹಲ್ಲು ದವಡೆಯ ಮೂಳೆಯ ಗೂಡಿನಲ್ಲಿ ಕುಳಿತಿರುತ್ತದೆ, ಇವೆಲ್ಲ ಅಲ್ಲಿದ್ದುವು. 2022ರಲ್ಲಿ ಪಠ್ಯದ ಭಾರ ಇಳಿಸುವಾಗ ಆ ಅಧ್ಯಾಯ ಹೊರಟುಹೋಯಿತು. 2024ರ ನೀಟ್ ಪಠ್ಯಕ್ರಮದಿಂದಲೂ ಹೋಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಭ್ಯಾಸ ಮಾಡುವವರು ಇದನ್ನು ನೆನಪಿಡಬೇಕು. ಹಾಲುಹಲ್ಲನ್ನು ತಳ್ಳಿಕೊಂಡು ಬರುವ ಸ್ಥಿರದಂತ ಇಪ್ಪತ್ತು, ಹಿಂದಿನ ಹಲ್ಲೇ ಇಲ್ಲದೆ ಹುಟ್ಟುವ ದವಡೆಹಲ್ಲು ಹನ್ನೆರಡು ಎಂಬ ಲೆಕ್ಕವನ್ನು ತಿಳಿದಿದ್ದರೆ ಸಂತೋಷ; ಆದರೆ ಅದಕ್ಕಾಗಿ ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹಲ್ಲೇ ಇಲ್ಲವಾದರೆ ಇದರಲ್ಲಿ ಏನಿದೆ? ಸುಮಾರು ಅರ್ಧ ಗಿಡಮರ. ಇಲ್ಲಿಯೇ ಮಕ್ಕಳು ಮುಖ ಸಿಂಡರಿಸುವುದು. "ಹಲ್ಲು ಕೀಳುವವನಿಗೆ ಹೂವಿನ ದಳ ಎಷ್ಟಾದರೇನು?" ಎಂದು ಕೇಳುತ್ತಾರೆ. ಕೇಳಲಿ. ಆದರೆ ಉತ್ತರವನ್ನೂ ಕೇಳಿಸಿಕೊಳ್ಳಲಿ.

ಹಲ್ಲುನೋವಿಗೆ ಅಜ್ಜಿ ಲವಂಗ ಕಚ್ಚಿಸುತ್ತಿದ್ದಳಲ್ಲವೆ? ಲವಂಗವೆಂದರೆ ಅರಳುವ ಮೊದಲೇ ಕೊಯ್ದು ಒಣಗಿಸಿದ ಹೂಮೊಗ್ಗು. ನಮ್ಮ ನೇರಳೆಮರವೂ ಲವಂಗದ ಮರವೂ ಸಿಜಿಜಿಯಂ ಎಂಬ ಒಂದೇ ಜಾತಿಕುಲಕ್ಕೆ ಸೇರಿದವು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ವಸ್ತುವನ್ನು ಸತುವಿನ ಆಕ್ಸೈಡ್ ಜೊತೆ ಕಲಸಿ ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ದಂತವೈದ್ಯರ ಕೋಣೆಗೆ ಕಾಲಿಟ್ಟೊಡನೆ ಮೂಗಿಗೆ ಬರುವ ವಾಸನೆಯಲ್ಲಿ ಅದರ ಪಾಲು ದೊಡ್ಡದು. ಹಲ್ಲಿನ ಅಚ್ಚು ತೆಗೆಯುವಾಗ ಬಾಯಿಗೆ ತುರುಕುವ ಮೆತ್ತನೆಯ ಮುದ್ದೆಯಿದೆಯಲ್ಲ, ಆ ಆಲ್ಜಿನೇಟ್ ಬರುವುದು ಸಮುದ್ರದ ಕಂದು ಪಾಚಿಯಿಂದ. ಪಿ.ಯು. ಪುಸ್ತಕದ ಸಸ್ಯಸಾಮ್ರಾಜ್ಯದ ಪಾಠದಲ್ಲಿ ಕಂದು ಪಾಚಿಯ ಆಲ್ಜಿನ್ ಬಗ್ಗೆ ಒಂದು ಸಾಲು ಬರುತ್ತದೆ. ಓದುವವನು ಅದನ್ನು ಸಪ್ಪೆಯೆಂದು ದಾಟಿಬಿಡುತ್ತಾನೆ. ಬೇರುನಾಳದ ಚಿಕಿತ್ಸೆ ಮುಗಿದ ಮೇಲೆ ನಾಳದೊಳಗೆ ತುಂಬುವ ನಸುಗೆಂಪು ಕಡ್ಡಿ ಗಟಾಪರ್ಚ. ಅದು ಮಲಯದ ಒಂದು ಮರದ ಹಾಲು. ಆ ಮರ ನಾವು ತಿನ್ನುವ ಸಪೋಟದ ಕುಟುಂಬದ್ದು; ಅದೇ ಕುಲದ ಇನ್ನೊಂದು ಮರ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಬೆಳೆಯುತ್ತದೆ. ಹೂಮೊಗ್ಗು, ಪಾಚಿ, ಮರದ ಹಾಲು ಈ ಮೂರನ್ನು ತೆಗೆದುಬಿಟ್ಟರೆ ದಂತವೈದ್ಯನ ಮೇಜು ಅರ್ಧ ಬರಿದಾದೀತು.

ಮತ್ತಿಕೆರೆಯವರಿಗೆ ಈ ಭಾಗ ಕಲಿಯಲು ಒಂದು ಅನುಕೂಲವಿದೆ. ಜಯಪ್ರಕಾಶ ನಾರಾಯಣ ಉದ್ಯಾನದಲ್ಲಿ ಬೆಳಗ್ಗೆ ಹಿರಿಯರು ಕೈಬೀಸಿ ನಡೆಯುತ್ತಾರೆ. ಅವರೊಡನೆ ಪುಸ್ತಕ ಹಿಡಿದ ಮಗುವೂ ಹೋಗಲಿ. ಎಲೆಯ ಜೋಡಣೆ, ಹೂಗೊಂಚಲ ಬಗೆಗಳು, ಸರಳ ಎಲೆ ಸಂಯುಕ್ತ ಎಲೆಗಳ ವ್ಯತ್ಯಾಸ, ಇವನ್ನು ಚಿತ್ರದಲ್ಲಿ ನೋಡಿ ಉರುಹಾಕಿದವನು ಮರೆಯುತ್ತಾನೆ. ಬೇವಿನ ರೆಂಬೆಯನ್ನೂ ದಾಸವಾಳವನ್ನೂ ಕೈಯಲ್ಲಿ ಹಿಡಿದು ಬಿಡಿಸಿದವನು ಮರೆಯುವುದಿಲ್ಲ. ತೋಟದ ಹೂ ಕೀಳಬಾರದು. ಉದುರಿದ್ದೇ ಸಾಕಷ್ಟು ಸಿಗುತ್ತದೆ.

ಮಾನವ ಶರೀರದ ಅಧ್ಯಾಯಗಳಿಗೆ ಬರೋಣ. ಬಿ.ಡಿ.ಎಸ್. ಮೊದಲ ವರ್ಷದಲ್ಲಿ ಓದಬೇಕಾದ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಲ್ಲಕ್ಕೂ ಬುನಾದಿ ಇಲ್ಲಿಯೇ ಬೀಳುತ್ತದೆ. ರಕ್ತ ಹೆಪ್ಪುಗಟ್ಟುವ ಬಗೆ ಪಿ.ಯು. ಪುಸ್ತಕದಲ್ಲಿ ಒಂದು ಪುಟವೂ ಇಲ್ಲ: ರಕ್ತದ ಕಿರುತಟ್ಟೆಗಳು, ಕ್ಯಾಲ್ಸಿಯಂ, ಫೈಬ್ರಿನ್ ಎಳೆಗಳ ಬಲೆ. ಹಲ್ಲು ಕಿತ್ತ ಗೂಡಿನಲ್ಲಿ ಹತ್ತಿ ಕಚ್ಚಿಸಿ "ಅರ್ಧ ಗಂಟೆ ಉಗುಳಬೇಡಿ" ಎಂದು ಹೇಳುವುದು ಆ ಬಲೆ ಕದಡದಿರಲೆಂದೇ. ಕುಸುಮರೋಗ ಎಂದರೆ ಹೀಮೋಫೀಲಿಯ ತಾಯಿಯಿಂದ ಮಗನಿಗೆ ಹರಿಯುವ ಬಗೆ ತಳಿಶಾಸ್ತ್ರದ ಪಾಠದಲ್ಲಿ ಬರುತ್ತದೆ. ಪರೀಕ್ಷೆಯಲ್ಲಿ ಅದು ನಾಲ್ಕು ಅಂಕದ ಪ್ರಶ್ನೆ, ಹಲ್ಲು ಕೀಳುವ ಮುನ್ನ "ನಿಮ್ಮ ಸೋದರಮಾವಂದಿರಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲುವುದಿಲ್ಲವೆ?" ಎಂದು ಕೇಳುವ ವೈದ್ಯನಿಗೆ ಅದೇ ಒಂದು ಪ್ರಾಣದ ಪ್ರಶ್ನೆ.

ನರಗಳ ಪಾಠದಲ್ಲಿ ಸೋಡಿಯಂ ಅಯಾನುಗಳು ನರತಂತುವಿನೊಳಕ್ಕೆ ನುಗ್ಗುವುದರಿಂದ ಸಂದೇಶ ಮುಂದೆ ಹರಿಯುತ್ತದೆಂದು ಓದುತ್ತಾರೆ. ವಸಡಿಗೆ ಚುಚ್ಚುವ ಲಿಗ್ನೊಕೇನ್ ಆ ಸೋಡಿಯಂ ಬಾಗಿಲುಗಳನ್ನೇ ಮುಚ್ಚುತ್ತದೆ; ಹಲ್ಲು ನೋಯುತ್ತಿರುತ್ತದೆ, ಸುದ್ದಿ ಮಾತ್ರ ಮೆದುಳಿಗೆ ತಲುಪುವುದಿಲ್ಲ. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಆ ಔಷಧಿ ಬರದಿದ್ದರೆ ಇಂದಿಗೂ ದಂತವೈದ್ಯನೆಂದರೆ ಜನ ಓಡುತ್ತಿದ್ದರೇನೊ. ಅಸ್ಥಿಪಂಜರದ ಪಾಠದ ಇಪ್ಪತ್ತೆರಡು ತಲೆಮೂಳೆಗಳಲ್ಲಿ ಅಲುಗಾಡುವುದು ಕೆಳದವಡೆಯೊಂದೇ. ಹಾರ್ಮೋನುಗಳ ಪಾಠದ ಇನ್ಸುಲಿನ್ ಕಡಮೆಯಾದವರ ವಸಡು ಬೇಗ ಕೆಡುತ್ತದೆ, ಗಾಯ ತಡವಾಗಿ ಮಾಯುತ್ತದೆ. ಮಾನವನ ಆರೋಗ್ಯ ಮತ್ತು ರೋಗಗಳ ಪಾಠದಲ್ಲಿ ಯೀಸ್ಟ್‌ನಿಂದ ತಯಾರಿಸುವ ಹೆಪಟೈಟಿಸ್-ಬಿ ಲಸಿಕೆಯ ಮಾತು ಬರುತ್ತದೆ. ದಿನವೂ ರಕ್ತ, ಎಂಜಲುಗಳಲ್ಲಿ ಕೈಯಾಡಿಸುವ ದಂತವಿದ್ಯಾರ್ಥಿ ತನ್ನ ತೋಳಿಗೇ ಮೊದಲು ಹಾಕಿಸಿಕೊಳ್ಳಬೇಕಾದ ಲಸಿಕೆ ಅದು. ಸೂಕ್ಷ್ಮಜೀವಿಗಳಂತೂ ಸರಿಯೇ ಸರಿ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ದುಂಡಾಣು ನಾವು ತಿಂದ ಸಕ್ಕರೆಯನ್ನು ಹುಳಿಮಾಡಿ ಆ ಹುಳಿಯಿಂದ ಹಲ್ಲಿನ ಮೇಲುಹೊದಿಕೆಯನ್ನು ಕರಗಿಸುತ್ತದೆ. ಹಲ್ಲಿಗೆ ಹುಳು ಬಿದ್ದಿದೆ ಎನ್ನುತ್ತೇವೆ. ಅಲ್ಲಿ ಹುಳುವಿಲ್ಲ, ಹುಳಿಯಿದೆ.

ಜೀವಶಾಸ್ತ್ರವೊಂದನ್ನೇ ನೆಚ್ಚಿ ಕುಳಿತವರೂ ಮುಗ್ಗರಿಸುವುದುಂಟು. ಉಳಿದ 360 ಅಂಕಗಳೂ ಪತ್ರಿಕೆಯಲ್ಲಿಯೇ ಇವೆ. ಜೀವಶಾಸ್ತ್ರದಲ್ಲಿ ಬಹುಮಂದಿ ಚೆನ್ನಾಗಿ ಮಾಡುತ್ತಾರಾದ್ದರಿಂದ ಅವರ ನಡುವಿನ ಅಂತರ ಹೆಚ್ಚಾಗಿ ಭೌತಶಾಸ್ತ್ರದಲ್ಲಿ ಬೀಳುತ್ತದೆ. ರಸಾಯನಶಾಸ್ತ್ರವೂ ಹೊರಗಿನದಲ್ಲ: ಹಲ್ಲಿನ ಹೊದಿಕೆ ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ಹರಳು. ಫ್ಲೋರೈಡ್ ತಕ್ಕಷ್ಟಿದ್ದರೆ ಆ ಹರಳು ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಕೋಲಾರ, ಬಾಗೇಪಲ್ಲಿ ಕಡೆಯ ಕೊಳವೆಬಾವಿಯ ನೀರು ಕುಡಿದು ಬೆಳೆದವರ ನಗುವಿನಲ್ಲಿ ಈ ಪಾಠವನ್ನು ನೀವೂ ಕಂಡಿರಬಹುದು.

ಓದುವ ಕ್ರಮದ ಬಗ್ಗೆ ನಾಲ್ಕು ಮಾತು. ಕರ್ನಾಟಕದ ಪಿ.ಯು. ವಿಜ್ಞಾನ ತರಗತಿಗಳು 2012-13ರಿಂದ ಎನ್.ಸಿ.ಇ.ಆರ್.ಟಿ. ಪಠ್ಯವನ್ನೇ ಅನುಸರಿಸುತ್ತಿವೆ. ಆದ್ದರಿಂದ ಕಾಲೇಜಿಗೆ ಒಂದು ಪುಸ್ತಕ, ಪ್ರವೇಶ ಪರೀಕ್ಷೆಗೆ ಇನ್ನೊಂದು ಎಂಬ ಹಳೆಯ ಹೊರೆ ಇಲ್ಲ. ಜೀವಶಾಸ್ತ್ರದ ಮಟ್ಟಿಗೆ ಆ ಎರಡು ಪುಸ್ತಕಗಳನ್ನು ಸಾಲುಸಾಲಾಗಿ, ಚಿತ್ರದ ಕೆಳಗಿನ ಸಣ್ಣಕ್ಷರವನ್ನೂ ಬಿಡದೆ ನಾಲ್ಕೈದು ಬಾರಿ ಓದುವುದು ದಪ್ಪ ದಪ್ಪ ಮಾರ್ಗದರ್ಶಿಗಳನ್ನು ಒಂದೊಂದು ಸಲ ತಿರುವಿಹಾಕುವುದಕ್ಕಿಂತ ಮೇಲು. ಮೊದಲ ವರ್ಷದ ಪಾಠವನ್ನು ಪಿ.ಯು. ಮೊದಲ ವರ್ಷದ ಪರೀಕ್ಷೆ ಮುಗಿದ ದಿನವೇ ಅಟ್ಟದ ಮೇಲೆ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ನೀಟ್ ಎರಡೂ ವರ್ಷದ ಪಾಠಗಳನ್ನು ಕೇಳುತ್ತದೆ. ಮೇಲೆ ಹೇಳಿದ ರಕ್ತ, ನರ, ಮೂಳೆ, ಹಾರ್ಮೋನುಗಳೆಲ್ಲ ಮೊದಲ ವರ್ಷದವೇ.

ತಪ್ಪಿಗೆ ಅಂಕ ಕಳೆಯುವುದನ್ನು ಕೇಳಿ ಹೆದರಿ ಅರ್ಧ ಪತ್ರಿಕೆ ಖಾಲಿ ಬಿಡುವವರುಂಟು, ಜೂಜಾಡುವವರೂ ಉಂಟು. ಲೆಕ್ಕ ಹಾಕಿ ನೋಡಿ. ಏನೂ ತಿಳಿಯದ ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ, ಸರಾಸರಿ ಒಂದು ಸರಿಯಾಗಿ ನಾಲ್ಕು ಬಂದು, ಮೂರು ತಪ್ಪಾಗಿ ಮೂರು ಹೋಗುತ್ತವೆ. ಉಳಿದದ್ದು ಒಂದೇ ಅಂಕ, ಅದೂ ಅದೃಷ್ಟ ನೆಟ್ಟಗಿದ್ದರೆ. ಆದರೆ ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತ ಅಲ್ಲವೆಂದು ಗೊತ್ತಾದ ಪ್ರಶ್ನೆಗಳು ನಾಲ್ಕಿದ್ದರೆ, ಎರಡು ಸರಿಯಾಗಿ ಎಂಟು ಬಂದು ಎರಡು ಹೋಗುತ್ತವೆ. ಆರು ಅಂಕ ಲಾಭ. ಅರ್ಧ ತಿಳಿದದ್ದನ್ನು ಬಿಡಬಾರದು, ಪೂರ್ತಿ ತಿಳಿಯದ್ದರ ಮೇಲೆ ಕಾಲ ಕಳೆಯಬಾರದು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ತಂದೆತಾಯಿಗಳು ವಿಚಾರಿಸುತ್ತಾರೆ. 2017ರಿಂದ ನೀಟ್ ಪತ್ರಿಕೆ ಕನ್ನಡದಲ್ಲಿಯೂ ಸಿಗುತ್ತಿದೆ. ಅರ್ಜಿಯಲ್ಲಿ ಕನ್ನಡವನ್ನು ಆರಿಸಬೇಕು. ಪರೀಕ್ಷೆಯ ಕೇಂದ್ರ ಕರ್ನಾಟಕದಲ್ಲಿರಬೇಕು. ಅನುವಾದದಲ್ಲಿ ಸಂಶಯ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ. ಬಿ.ಡಿ.ಎಸ್. ಪಾಠಗಳಂತೂ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ, ಪಿ.ಯು.ಸಿ.ಯ ಎರಡು ವರ್ಷ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಒಂದೇ ಟಿಪ್ಪಣಿಪುಸ್ತಕದಲ್ಲಿ ಬರೆದಿಟ್ಟುಕೊಂಡವರಿಗೆ ಮುಂದೆ ಸಲೀಸು.

ಸೀಟಿನ ವಿಷಯ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾದದ್ದು. ಮಣಿಪಾಲದ್ದು 1965ರದು, ದಾವಣಗೆರೆಯ ಬಾಪೂಜಿ ಕಾಲೇಜು 1979ರದು. ಆಮೇಲೆ ಖಾಸಗಿ ಕಾಲೇಜುಗಳು ಬಹಳವಾಗಿ ಬೆಳೆದುವು. ಇಂದು ಬಿ.ಡಿ.ಎಸ್. ಸೀಟು ಸಿಗುವುದೇ ದುರ್ಲಭವೆಂಬ ಮಾತು ಪೂರ್ಣ ನಿಜವಲ್ಲ. ಸೀಟುಗಳು ಖಾಲಿ ಬಿದ್ದವೆಂದು 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆ ಸಾಲಿಗೆ ಅರ್ಹತೆಯ ಗೆರೆಯನ್ನು ಹತ್ತು ಶೇಕಡ ಸ್ಥಾನ ಇಳಿಸಿಕೊಟ್ಟಿತ್ತು. ದುರ್ಲಭವಾದದ್ದು ಮಧ್ಯಮ ವರ್ಗದ ಮನೆ ಕಟ್ಟಬಲ್ಲ ಶುಲ್ಕದ ಸೀಟು. ನೀಟ್‌ನಲ್ಲಿ ಬರುವ ಒಂದೊಂದು ಅಂಕದ ಬೆಲೆ ಇಲ್ಲಿ ತಿಳಿಯುತ್ತದೆ: ಶ್ರೇಯಾಂಕ ಸ್ವಲ್ಪ ಮೇಲಾದರೆ ಸರ್ಕಾರಿ ಶುಲ್ಕ, ಕೆಳಗಾದರೆ ಖಾಸಗಿ ಶುಲ್ಕ, ಅದರ ಹಿಂದೆಯೇ ಬ್ಯಾಂಕಿನ ಸಾಲ. ರಾಜ್ಯದ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮಲ್ಲೇಶ್ವರದಲ್ಲಿಯೇ ಇದೆ. ಅದರ ಪ್ರಕಟಣೆಯನ್ನು ಆಯಾ ವರ್ಷ ಸ್ವತಃ ಓದಿ. ಪಕ್ಕದ ಮನೆಯವರು ಹೇಳಿದರೆಂದು ದಾಖಲೆ ಒದಗಿಸಲು ಹೋಗಬೇಡಿ.

ವೈದ್ಯ ಸೀಟು ಸಿಗದವರು ಒಲ್ಲದ ಮನಸ್ಸಿನಿಂದ ಹಲ್ಲಿನ ಕಾಲೇಜಿಗೆ ಬರುವುದು ಎಲ್ಲರಿಗೂ ಗೊತ್ತಿದ್ದೂ ಯಾರೂ ಗಟ್ಟಿಯಾಗಿ ಆಡದ ಮಾತು. ನಾಲ್ಕು ವರ್ಷ ಓದು, ಒಂದು ವರ್ಷ ಆಸ್ಪತ್ರೆಯ ತರಬೇತಿ. ಐದು ವರ್ಷ ಒಲ್ಲದ ಕೆಲಸ ಮಾಡಿಸುವುದು ಮಗುವಿಗೂ ಕಷ್ಟ, ಮುಂದೆ ಅದರ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರಿಗೂ ಕಷ್ಟ. ಈ ಕೆಲಸದಲ್ಲಿ ತಲೆಯಷ್ಟೇ ಕೈಯೂ ಬೇಕು. ಅದನ್ನು ನೀಟ್ ಅಳೆಯುವುದೇ ಇಲ್ಲ. ಅಮೆರಿಕದ ಪ್ರವೇಶ ಪರೀಕ್ಷೆಯಲ್ಲಿ 1970ರ ದಶಕದ ಆರಂಭದವರೆಗೂ ಸೀಮೆಸುಣ್ಣದ ತುಂಡನ್ನು ಅಳತೆಗೆ ಸರಿಯಾಗಿ ಕೆತ್ತಿ ತೋರಿಸಬೇಕಾಗಿತ್ತು. ನಮ್ಮಲ್ಲಿ ಸೀಟು ಸಿಕ್ಕ ಮೇಲೆ, ಮೊದಲ ವರ್ಷದಲ್ಲಿ, ಮೇಣದ ತುಂಡಿನಲ್ಲಿ ಒಂದೊಂದೇ ಹಲ್ಲನ್ನು ಕೆತ್ತಿಸುತ್ತಾರೆ. ಬಾಚಿಹಲ್ಲು ಸುಲಭ, ಮೇಲಿನ ಮೊದಲ ದವಡೆಹಲ್ಲು ಬಂದಾಗ ಅನೇಕರ ಕೈ ಸೋಲುತ್ತದೆ.

ಅರ್ಜಿ ತುಂಬುವುದಕ್ಕೆ ಮೊದಲಿನ ಬೇಸಿಗೆ ರಜೆಯಲ್ಲಿ ಒಂದು ಬಾರ್ ಸೋಪನ್ನೂ ಮೊಂಡಾದ ಸಣ್ಣ ಚಾಕುವನ್ನೂ ಮಗುವಿನ ಕೈಗೆ ಕೊಟ್ಟು, ಕನ್ನಡಿಯಲ್ಲಿ ಕಾಣುವ ತನ್ನ ಮುಂದಿನ ಹಲ್ಲನ್ನು ಹತ್ತರಷ್ಟು ದೊಡ್ಡದಾಗಿ ಕೆತ್ತಲು ಹೇಳಿ. ಚೆನ್ನಾಗಿ ಬಂತೇ ಎಂಬುದನ್ನು ನೋಡಬೇಡಿ. ಮೊದಲ ಸೋಪು ಹಾಳಾದ ಮೇಲೆ ತಾನಾಗಿಯೇ ಎರಡನೆಯದನ್ನು ಕೇಳಿತೇ ಎಂಬುದನ್ನು ನೋಡಿ.